ಒಬ್ಬ ಶಾಸಕರ ಎಂಟು ಚುನಾವಣೆಗಳು



ಜನವರಿ 25 ನಮ್ಮ ಪಂಚಾಂಗದಲ್ಲಿ ಸಂತ ಪೌಲರ ಮನಪರಿವರ್ತನೆಯ ಹಬ್ಬ. ಅದೇ ದಿನ ನಮ್ಮ ದೇಶ ರಾಷ್ಟ್ರೀಯ ಮತದಾರರ ದಿನವನ್ನೂ ಆಚರಿಸುತ್ತದೆ. 1950ರ ಜನವರಿ 25ರಂದು, ಅಂದರೆ ಗಣರಾಜ್ಯೋತ್ಸವದ ಮುನ್ನಾದಿನ, ಭಾರತದ ಚುನಾವಣಾ ಆಯೋಗ ಸ್ಥಾಪನೆಯಾಯಿತು. ಅದರ ನೆನಪಿಗಾಗಿ 2011ರಿಂದ ಈ ದಿನವನ್ನು ಮತದಾರರಿಗೆ ಮೀಸಲಿಡಲಾಗಿದೆ. ಎರಡು ಆಚರಣೆಗಳು ಒಂದೇ ದಿನ ಬಂದಿರುವುದು ಕಾಕತಾಳೀಯ. ಆದರೂ ಪೌಲರ ಜೀವನ ಬಲ್ಲವರಿಗೆ ಅದು ಅರ್ಥವಿಲ್ಲದ್ದು ಎನಿಸುವುದಿಲ್ಲ.

ಜೆರುಸಲೇಮಿನಲ್ಲಿ ಸೈನಿಕರು ಪೌಲರನ್ನು ಕಟ್ಟಿ ಚಾಟಿಯಿಂದ ಹೊಡೆಯಲು ಸಿದ್ಧರಾದಾಗ ಅವರು ತಾವು ರೋಮಿನ ನಾಗರಿಕರೆಂದು ನೆನಪಿಸುತ್ತಾರೆ. ವಿಚಾರಿಸಲು ಬಂದ ಸಹಸ್ರಾಧಿಪತಿ ಆ ಪೌರತ್ವವನ್ನು ದೊಡ್ಡ ಮೊತ್ತ ಕೊಟ್ಟು ಪಡೆದವನು. ಪೌಲರಿಗೆ ಅದು ಹುಟ್ಟಿನಿಂದಲೇ ಬಂದದ್ದು. ಮುಂದೆ ರಾಜ್ಯಪಾಲನ ಎದುರಿನಲ್ಲಿ ಅವರು ಅದೇ ಹಕ್ಕನ್ನು ಹಿಡಿದು ಚಕ್ರವರ್ತಿಯ ನ್ಯಾಯಪೀಠಕ್ಕೆ ಮೊರೆ ಹೋಗುತ್ತಾರೆ. ಸ್ವರ್ಗರಾಜ್ಯವನ್ನು ಸಾರಿದ ಪ್ರೇಷಿತರು ಭೂಮಿಯ ಮೇಲಿನ ತಮ್ಮ ಪೌರತ್ವವನ್ನು ಮರೆತಿರಲಿಲ್ಲ. ಬೇಕಾದಾಗ ಅದನ್ನು ಬಳಸಿದರು.

ನಮಗೂ ಆ ಹಕ್ಕು ಹುಟ್ಟಿನಿಂದಲೇ ಬಂದಿದೆ. ನಾವು ಅದನ್ನು ಬಳಸುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸಲ ಒಬ್ಬ ಶಾಸಕರ ಚುನಾವಣಾ ಇತಿಹಾಸವನ್ನು ಓದೋಣ. ಅವರು ಉತ್ತರ ಬೆಂಗಳೂರಿನ ಬ್ಯಾಟರಾಯನಪುರ ಕ್ಷೇತ್ರದಿಂದ ನಾಲ್ಕು ಬಾರಿ ಆಯ್ಕೆಯಾದ ಶ್ರೀ ಕೃಷ್ಣ ಬೈರೇಗೌಡರು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಇಂಥವರಿಗೆ ಮತ ಹಾಕಿ ಎಂದು ಹೇಳುವುದು ಪೀಠದ ಮುಂದೆ ನಿಲ್ಲುವ ನಮ್ಮ ಕೆಲಸವಲ್ಲ. ಇದು ಅವರ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಸುತ್ತ ವಾಸಿಸುವ ನಮ್ಮ ಎಷ್ಟೋ ಕುಟುಂಬಗಳ ಕಣ್ಣೆದುರಿಗೇ ನಡೆದ ಇತಿಹಾಸ ಎಂಬ ಕಾರಣಕ್ಕೆ ಇದನ್ನು ಆರಿಸಿಕೊಂಡಿದ್ದೇವೆ.

ವೇಮಗಲ್ಲಿನ ಮನೆತನ

ಕಥೆ ಆರಂಭವಾಗುವುದು ಬೆಂಗಳೂರಿನಲ್ಲಲ್ಲ, ಕೋಲಾರದಲ್ಲಿ. ಅಲ್ಲಿನ ವೇಮಗಲ್ ಎಂಬುದು ಹಿಂದೆ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. ಜನತಾ ಪರಿವಾರದ ಹಿರಿಯ ನಾಯಕರಾಗಿದ್ದ ಸಿ. ಬೈರೇಗೌಡರು ಆ ಕ್ಷೇತ್ರದ ಶಾಸಕರಾಗಿದ್ದರು. 1990ರ ದಶಕದ ಜನತಾದಳ ಸರ್ಕಾರದಲ್ಲಿ ಅವರು ಕೃಷಿ ಸಚಿವರಾಗಿಯೂ ಸೇವೆ ಸಲ್ಲಿಸಿದರು. ಕೋಲಾರವೆಂದರೆ ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಕೊಳವೆಬಾವಿಯ ಆಳ. ಅಂಥ ಜಿಲ್ಲೆಯಿಂದ ಬಂದವರ ಕೈಗೆ ಕೃಷಿ ಖಾತೆ ಸಿಕ್ಕಿತ್ತು.

ಅವರ ಮಗ ಕೃಷ್ಣ ಬೈರೇಗೌಡರು ಹುಟ್ಟಿದ್ದು 1973ರ ಏಪ್ರಿಲ್ 4ರಂದು. ಪದವಿ ವ್ಯಾಸಂಗ ಮಾಡಿದ್ದು ನಮ್ಮ ಸಿ.ಎಂ.ಐ. ಗುರುಗಳು ನಡೆಸುವ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ. ಬಳಿಕ ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಸ್ನಾತಕೋತ್ತರ ಪದವಿ ಪಡೆದರು. 2003ರಲ್ಲಿ ತಂದೆ ತೀರಿಕೊಂಡರು. ತೆರವಾದ ವೇಮಗಲ್ ಕ್ಷೇತ್ರದ ಉಪಚುನಾವಣೆಯಲ್ಲಿ ಮಗ ಗೆದ್ದರು. 2004ರ ಸಾರ್ವತ್ರಿಕ ಚುನಾವಣೆಯಲ್ಲಿ ಮತ್ತೆ ಗೆದ್ದರು.

ತಂದೆಯ ಸ್ಥಾನಕ್ಕೆ ಮಗ ಬರುವುದು ನಮ್ಮ ರಾಜಕೀಯದಲ್ಲಿ ಹೊಸದೇನೂ ಅಲ್ಲ. ಅದು ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ಅನುಕಂಪದ ಮತ ಒಂದು ಚುನಾವಣೆಯನ್ನು ಗೆಲ್ಲಿಸಬಹುದು, ಜೀವನಪೂರ್ತಿ ಗೆಲ್ಲಿಸಲಾರದು. ಕೃಷ್ಣ ಬೈರೇಗೌಡರ ವಿಷಯದಲ್ಲಿ ಆ ಪರೀಕ್ಷೆ ಬಹಳ ಬೇಗ ಬಂತು. ಅದನ್ನು ತಂದದ್ದು ಎದುರಾಳಿಯಲ್ಲ, ಒಂದು ಭೂಪಟ.

ಗೆರೆಗಳು ಬದಲಾದವು

2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ನೇತೃತ್ವದಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. ಅದು 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಬರೆಯಿತು. ಕರ್ನಾಟಕ ವಿಧಾನಸಭೆಯ ಒಟ್ಟು ಸ್ಥಾನ 224 ಇದ್ದದ್ದು ಹಾಗೆಯೇ ಉಳಿಯಿತು. ಆದರೆ ಜನ ಎಲ್ಲಿ ಹೆಚ್ಚಿದ್ದರೋ ಅಲ್ಲಿ ಸ್ಥಾನಗಳು ಹೆಚ್ಚಾದವು, ಬೇರೆ ಕಡೆ ಕಡಿಮೆಯಾದವು.

ಬೆಂಗಳೂರು ನಗರ ಜಿಲ್ಲೆಗೆ ಅಲ್ಲಿಯವರೆಗೆ ಇದ್ದದ್ದು 16 ಸ್ಥಾನಗಳು. ಊರು ನಾಲ್ಕೂ ದಿಕ್ಕಿಗೆ ಬೆಳೆದಿದ್ದರೂ ಹೊರವಲಯವನ್ನೆಲ್ಲ ಉತ್ತರಹಳ್ಳಿ, ಯಲಹಂಕ, ವರ್ತೂರಿನಂಥ ಕೆಲವೇ ದೊಡ್ಡ ಕ್ಷೇತ್ರಗಳಿಗೆ ತುಂಬಲಾಗಿತ್ತು. ಗಾಂಧಿನಗರದ ಒಬ್ಬ ಮತದಾರನ ಮತಕ್ಕಿದ್ದ ತೂಕ ಉತ್ತರಹಳ್ಳಿಯ ಮತದಾರನ ಮತಕ್ಕೆ ಇರಲಿಲ್ಲ. ಅಲ್ಲಿ ಎಷ್ಟೋ ಪಟ್ಟು ಹೆಚ್ಚು ಜನಕ್ಕೆ ಒಬ್ಬನೇ ಶಾಸಕ. ಪುನರ್ವಿಂಗಡಣೆಯ ನಂತರ ನಗರದ ಸ್ಥಾನಗಳು 28ಕ್ಕೇರಿದವು. ಹೆಬ್ಬಾಳ, ಯಶವಂತಪುರ, ದಾಸರಹಳ್ಳಿ, ಬ್ಯಾಟರಾಯನಪುರ ಎಂಬ ಹೆಸರುಗಳು ಕ್ಷೇತ್ರಗಳ ಪಟ್ಟಿಗೆ ಸೇರಿದವು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಯಲಹಂಕ ಸಾಮಾನ್ಯ ಕ್ಷೇತ್ರವಾಯಿತು.

ಒಂದು ಕಡೆ ಹುಟ್ಟು, ಇನ್ನೊಂದು ಕಡೆ ಸಾವು. ವೇಮಗಲ್ ಎಂಬ ಕ್ಷೇತ್ರ ಪಟ್ಟಿಯಿಂದ ಅಳಿಸಿಹೋಯಿತು. ಊರು ಅಲ್ಲೇ ಇತ್ತು, ಜನರೂ ಅಲ್ಲೇ ಇದ್ದರು, ಕೆರೆಗಳೂ ಅಲ್ಲೇ ಇದ್ದವು. ಅವರ ಕ್ಷೇತ್ರ ಮಾತ್ರ ಇರಲಿಲ್ಲ. ತಂದೆಯಿಂದ ಬಂದಿದ್ದ ನೆಲ 35 ವರ್ಷದ ಶಾಸಕರ ಕಾಲ ಕೆಳಗಿನಿಂದ ಸರಿಯಿತು. 2008ರ ಮೇ ತಿಂಗಳಲ್ಲಿ ಹೊಸ ಗಡಿಗಳ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಬ್ಯಾಟರಾಯನಪುರಕ್ಕೆ ಬಂದರು.

ಬೆಂಗಳೂರಿನಲ್ಲಿ ಎರಡು ಬ್ಯಾಟರಾಯನಪುರಗಳಿವೆ. ಮೈಸೂರು ರಸ್ತೆಯದ್ದು ಬೇರೆ. ನಾವು ಹೇಳುತ್ತಿರುವುದು ಬಳ್ಳಾರಿ ರಸ್ತೆಯದ್ದು. ಇದು ಮೊದಲು ತನ್ನದೇ ನಗರಸಭೆ ಇದ್ದ ಊರು. 2007ರ ಜನವರಿಯಲ್ಲಿ ಯಲಹಂಕ, ದಾಸರಹಳ್ಳಿ ಮುಂತಾದ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿಸಿದಾಗ ಇದೂ ಮಹಾನಗರದ ಭಾಗವಾಯಿತು. ಕ್ಷೇತ್ರದೊಳಗೆ ಜಕ್ಕೂರು, ಥಣಿಸಂದ್ರ, ಕೊಡಿಗೇಹಳ್ಳಿ, ವಿದ್ಯಾರಣ್ಯಪುರ, ದೊಡ್ಡಬೊಮ್ಮಸಂದ್ರಗಳು ಬಂದವು. ವಿಮಾನ ನಿಲ್ದಾಣದ ಕಡೆಯ ಹಳ್ಳಿಗಳೂ ಬಂದವು. ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ್ದು ಅದೇ 2008ರ ಮೇ ತಿಂಗಳಿನಲ್ಲಿ. ಅರ್ಧ ಹಳ್ಳಿ, ಅರ್ಧ ಪಟ್ಟಣವಾಗಿದ್ದ ಸೀಮೆ ಕೆಲವೇ ವರ್ಷಗಳಲ್ಲಿ ಬಹುಮಹಡಿ ಕಟ್ಟಡಗಳ ಸಾಲಾಯಿತು. ರಾಗಿ ಹೊಲ ಮಾರಿದವನೂ, ಆ ಹೊಲದಲ್ಲೆದ್ದ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವನೂ ಒಂದೇ ಮತಗಟ್ಟೆಯ ಸಾಲಿನಲ್ಲಿ ನಿಂತರು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಹಾಗೆಯೇ ಅಲ್ಲವೇ? ತಲೆಮಾರುಗಳಿಂದ ಇಲ್ಲಿರುವ ಕನ್ನಡ, ತಮಿಳು ಕುಟುಂಬಗಳ ಪಕ್ಕದಲ್ಲೇ ಮಂಗಳೂರು, ಗೋವಾ, ಕೇರಳ, ಜಾರ್ಖಂಡಿನಿಂದ ಬಂದವರು ಕುಳಿತು ಪ್ರಾರ್ಥಿಸುತ್ತಾರೆ.

ಹೊಸಬರಾಗಿ ಬಂದ ಕೃಷ್ಣ ಬೈರೇಗೌಡರನ್ನು ಬ್ಯಾಟರಾಯನಪುರದ ಮತದಾರರು ಆರಿಸಿದರು. ರಾಜ್ಯದಲ್ಲಿ ಅಂದು ಬಿ.ಎಸ್. ಯಡಿಯೂರಪ್ಪನವರ ನೇತೃತ್ವದಲ್ಲಿ ಭಾರತೀಯ ಜನತಾ ಪಕ್ಷದ ಸರ್ಕಾರ ಬಂತು. ಇವರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು.

ಗೆಲುವು ಮತ್ತು ಸೋಲು

ಮರು ವರ್ಷವೇ, 2009ರಲ್ಲಿ, ಪಕ್ಷ ಅವರನ್ನು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ನಿಲ್ಲಿಸಿತು. ಎದುರಾಳಿ 1996ರಿಂದ ಆ ಕ್ಷೇತ್ರವನ್ನು ಬಿಡದೆ ಗೆಲ್ಲುತ್ತಾ ಬಂದಿದ್ದ ಅನಂತ್ ಕುಮಾರ್. ಸೇನೆಯಿಂದ ನಿವೃತ್ತರಾಗಿ ವಿಮಾನಯಾನ ಸಂಸ್ಥೆ ಕಟ್ಟಿದ್ದ ಕ್ಯಾಪ್ಟನ್ ಗೋಪಿನಾಥ್ ಅವರೂ ಪಕ್ಷೇತರರಾಗಿ ಕಣದಲ್ಲಿದ್ದರು. ಅನಂತ್ ಕುಮಾರ್ 4,37,953 ಮತ ಪಡೆದರು. ಕೃಷ್ಣ ಬೈರೇಗೌಡರಿಗೆ 4,00,341 ಮತ ಬಂತು. ಸೋಲಿನ ಅಂತರ 37,612. ಸೋತವರು ತಮ್ಮ ವಿಧಾನಸಭಾ ಕ್ಷೇತ್ರಕ್ಕೆ ಮರಳಿದರು.

2013ರ ಚುನಾವಣೆಯಲ್ಲಿ ಅವರು ಬ್ಯಾಟರಾಯನಪುರದಿಂದ 32 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಸಿದ್ದರಾಮಯ್ಯನವರ ಸಂಪುಟದಲ್ಲಿ ಕೃಷಿ ಸಚಿವರಾದರು. ತಂದೆ ಕುಳಿತಿದ್ದ ಖಾತೆಯಲ್ಲೇ ಮಗ ಕುಳಿತರು. ಮಳೆಯಾಶ್ರಿತ ರೈತರ ಹೊಲದಲ್ಲಿ ಕೃಷಿ ಹೊಂಡ ತೋಡಿಸಿ ಮಳೆನೀರು ಹಿಡಿದಿಡುವ 'ಕೃಷಿ ಭಾಗ್ಯ' ಯೋಜನೆ 2014ರಲ್ಲಿ ಜಾರಿಗೆ ಬಂದದ್ದು ಅವರ ಕಾಲದಲ್ಲಿ. ರಾಗಿ, ನವಣೆ, ಸಾಮೆ, ಸಜ್ಜೆಗಳಿಗೆ ಸಿರಿಧಾನ್ಯ ಎಂಬ ಗೌರವದ ಹೆಸರು ಮನೆಮಾತಾದದ್ದೂ ಆ ದಿನಗಳಲ್ಲಿಯೇ. 2017ರ ಏಪ್ರಿಲ್‌ನಲ್ಲಿ ಮತ್ತು 2018ರ ಜನವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಯವ ಮತ್ತು ಸಿರಿಧಾನ್ಯ ಮೇಳಗಳು ನಡೆದವು. ನಮ್ಮಲ್ಲಿ ಎಷ್ಟೋ ಮನೆಗಳ ಅಡಿಗೆಮನೆಗೆ ನವಣೆ ಮರಳಿ ಬಂದದ್ದು ಆ ಮೇಳಗಳ ನಂತರ.

ಇಷ್ಟು ಕೆಲಸ ಮಾಡಿದ ಸಚಿವರಿಗೆ 2018ರಲ್ಲಿ ಗೆಲುವು ಸುಲಭವಾಗಿರಬೇಕು ಎಂದು ನೀವು ಭಾವಿಸಬಹುದು. ಆಗಲಿಲ್ಲ. 2018ರ ಮೇ 12ರ ಮತದಾನದಲ್ಲಿ ಅವರಿಗೆ 1,14,964 ಮತ, ಬಿ.ಜೆ.ಪಿ.ಯ ಎ. ರವಿ ಅವರಿಗೆ 1,09,293 ಮತ. ಅಂತರ ಕೇವಲ 5,671. ಐದು ವರ್ಷ ಹಿಂದಿನ 32 ಸಾವಿರ ಎಲ್ಲಿ, ಈ 5,671 ಎಲ್ಲಿ! ಹಳ್ಳಿಯ ಹೊಲದಲ್ಲಿ ತೋಡಿದ ಹೊಂಡ ಥಣಿಸಂದ್ರದ ಮತದಾರನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಮನೆ ಮುಂದಿನ ರಸ್ತೆಯ ಹೊಂಡ. ಇದರಲ್ಲಿ ಅವನನ್ನು ದೂರುವಂತಿಲ್ಲ. ಸಚಿವ ಇಡೀ ರಾಜ್ಯಕ್ಕೆ ಸಚಿವ. ಶಾಸಕ ಮಾತ್ರ ತನ್ನ ಕ್ಷೇತ್ರಕ್ಕೆ ಶಾಸಕ.

5,671 ಎಂದರೆ ಎಷ್ಟು ಜನ? ನಗರದ ಒಂದು ದೊಡ್ಡ ಧರ್ಮಕೇಂದ್ರದಲ್ಲಿ ಭಾನುವಾರದ ಎಲ್ಲ ಬಲಿಪೂಜೆಗಳಿಗೆ ಬರುವವರನ್ನು ಒಟ್ಟು ಎಣಿಸಿದರೆ ಈ ಸಂಖ್ಯೆಯ ಹತ್ತಿರ ಬರಬಹುದು. ಸುಮಾರು ಎರಡೂಕಾಲು ಲಕ್ಷ ಮತಗಳನ್ನು ಹಂಚಿಕೊಂಡ ಇಬ್ಬರ ನಡುವಿನ ತೀರ್ಪನ್ನು ಅಷ್ಟೇ ಜನ ನಿರ್ಧರಿಸಿದ್ದರು.

ಇಲ್ಲಿ ನಾವು ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಆ ವರ್ಷ ಮತದಾನದ ಹಿಂದಿನ ಭಾನುವಾರ ಪೀಠದ ಮುಂದೆ ನಿಂತು, ಎಲ್ಲರೂ ತಪ್ಪದೆ ಮತ ಹಾಕಿ ಎಂದು ಒತ್ತಿ ಹೇಳಿದವರು ನಾವು. ಶನಿವಾರ ಬೆಳಗಿನ ಪೂಜೆ ಮುಗಿಸಿ ಬೆರಳಿಗೆ ಶಾಯಿ ಹಾಕಿಸಿಕೊಂಡ ಹಿರಿಯರು ಒಬ್ಬೊಬ್ಬರೇ ಗುರುನಿವಾಸದ ಮುಂದೆ ಹಾದುಹೋದರು. ಎಂಬತ್ತು ದಾಟಿದ ತಾಯಿಯೊಬ್ಬರು ಮೊಮ್ಮಗನ ತೋಳು ಹಿಡಿದು ಬಂದು, ನಿಮ್ಮದಾಯಿತೇ ಸ್ವಾಮಿ ಎಂದು ಕೇಳಿದರು. ನಮ್ಮದಾಗಿರಲಿಲ್ಲ. ಗುರುನಿವಾಸದಲ್ಲಿದ್ದ ನಾವಿಬ್ಬರೂ ಗುರುಗಳು ಹಿಂದಿನ ವರ್ಷ ವರ್ಗವಾಗಿ ಬಂದವರು. ನಮ್ಮ ಹೆಸರುಗಳು ಹಳೆಯ ಧರ್ಮಕೇಂದ್ರಗಳ ಪಟ್ಟಿಯಲ್ಲೇ ಉಳಿದಿದ್ದವು. ಬದಲಾಯಿಸಿಕೊಳ್ಳಲು ಒಂದು ವರ್ಷ ಸಮಯವಿತ್ತು. ಸೋಮಾರಿತನಕ್ಕೆ ಕೆಲಸದೊತ್ತಡವೆಂಬ ಹೆಸರಿಟ್ಟು ಸುಮ್ಮನಿದ್ದೆವು. ಆ ತಾಯಿಗೆ ಏನೋ ತೊದಲಿ ಉತ್ತರ ಹೇಳಿದೆವು. ಮೂರು ದಿನಗಳ ನಂತರ ಫಲಿತಾಂಶದ ಅಂತರ ಓದಿದಾಗ ಅವರ ಮುಖವೇ ನೆನಪಾಯಿತು.

ಒಂದೇ ವರ್ಷದಲ್ಲಿ ಎರಡು ತೀರ್ಪು

2018ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎಚ್.ಡಿ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದಲ್ಲಿ ಕೃಷ್ಣ ಬೈರೇಗೌಡರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು; ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಹೊಣೆಯೂ ಅವರದಾಯಿತು. ಸಚಿವರಾಗಿರುವಾಗಲೇ 2019ರ ಏಪ್ರಿಲ್ 18ರಂದು ಬೆಂಗಳೂರು ಉತ್ತರದಿಂದ ಲೋಕಸಭೆಗೆ ಸ್ಪರ್ಧಿಸಿದರು. ಬ್ಯಾಟರಾಯನಪುರ, ಹೆಬ್ಬಾಳ, ಯಶವಂತಪುರ ಸೇರಿದಂತೆ ಎಂಟು ವಿಧಾನಸಭಾ ಕ್ಷೇತ್ರಗಳ ಕ್ಷೇತ್ರವದು. ಡಿ.ವಿ. ಸದಾನಂದ ಗೌಡರಿಗೆ 8,24,500 ಮತ, ಇವರಿಗೆ 6,76,982. ಅಂತರ 1,47,518. ಇದು ಅವರ ಎರಡನೆಯ ಲೋಕಸಭಾ ಸೋಲು.

ವರ್ಷ ತುಂಬುವ ಮುನ್ನ ಮತದಾರರು ಎರಡು ಬಗೆಯ ತೀರ್ಪು ಕೊಟ್ಟಿದ್ದರು. ಕೆಲವರು ಇದನ್ನು ಮತದಾರನ ಚಂಚಲತೆ ಎನ್ನುತ್ತಾರೆ. ನಾವು ಹಾಗೆ ಭಾವಿಸುವುದಿಲ್ಲ. ದೆಹಲಿಗೆ ಯಾರು, ವಿಧಾನಸೌಧಕ್ಕೆ ಯಾರು ಎಂಬ ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ ಕೊಡಬಲ್ಲ ಮತದಾರ ದಡ್ಡನಲ್ಲ.

ಆ ಜುಲೈ ತಿಂಗಳಲ್ಲಿ ಮೈತ್ರಿ ಸರ್ಕಾರದ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟದ್ದು ನಿಮಗೆ ನೆನಪಿರಬಹುದು. ವಿಶ್ವಾಸಮತದ ಚರ್ಚೆ ದಿನಗಟ್ಟಲೆ ಎಳೆಯಿತು. ಸದನಕ್ಕೆ ಬರುವಂತೆ ಶಾಸಕರನ್ನು ಒತ್ತಾಯಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಜುಲೈ 17ರಂದು ಹೇಳಿತ್ತು. ಹಾಗಾದರೆ ಪಕ್ಷಗಳು ಹೊರಡಿಸುವ ವಿಪ್‌ಗೆ ಏನು ಬೆಲೆ ಎಂಬ ಪ್ರಶ್ನೆ ಸದನದಲ್ಲಿ ಎದ್ದಿತು. ಸಂಸದೀಯ ವ್ಯವಹಾರಗಳ ಸಚಿವರಾಗಿ ಕೃಷ್ಣ ಬೈರೇಗೌಡರು ಸರ್ಕಾರದ ಪರವಾಗಿ ವಾದಿಸಿದರು. ಜುಲೈ 23ರಂದು ಮತಕ್ಕೆ ಹಾಕಿದಾಗ ಪರವಾಗಿ 99, ವಿರುದ್ಧವಾಗಿ 105. ಸರ್ಕಾರ ಬಿತ್ತು.

ಆ ರಾಜೀನಾಮೆಗಳ ಫಲವಾಗಿ ನಮ್ಮ ನೆರೆಯ ಯಶವಂತಪುರದಲ್ಲಿಯೂ ಉಪಚುನಾವಣೆ ನಡೆಯಿತು. 2008ರಲ್ಲಿ ಶೋಭಾ ಕರಂದ್ಲಾಜೆಯವರನ್ನು ಗೆಲ್ಲಿಸಿದ್ದ ಆ ಕ್ಷೇತ್ರ 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನ ಎಸ್.ಟಿ. ಸೋಮಶೇಖರ್ ಅವರನ್ನು ಆರಿಸಿತ್ತು. 2019ರ ಡಿಸೆಂಬರ್ 5ರಂದು ಅದೇ ಸೋಮಶೇಖರ್ ಬಿ.ಜೆ.ಪಿ. ಅಭ್ಯರ್ಥಿಯಾಗಿ ಜನರ ಮುಂದೆ ನಿಂತರು. ಜನ ಅವರನ್ನೇ ಮತ್ತೆ ಆರಿಸಿದರು. ಹೆಬ್ಬಾಳದ್ದು ಇನ್ನೊಂದು ಬಗೆ: ಅಲ್ಲಿ ಮೊದಲು ಬಿ.ಜೆ.ಪಿ.ಯ ಕಟ್ಟಾ ಸುಬ್ರಹ್ಮಣ್ಯ ನಾಯ್ಡು, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಬೈರತಿ ಸುರೇಶ್. ಯಲಹಂಕವಾದರೋ 2008ರಿಂದ 2023ರವರೆಗೆ ನಾಲ್ಕು ಬಾರಿಯೂ ಬಿ.ಜೆ.ಪಿ.ಯ ಎಸ್.ಆರ್. ವಿಶ್ವನಾಥ್ ಅವರನ್ನೇ ಆರಿಸಿದೆ. ಪಕ್ಕದ ಬ್ಯಾಟರಾಯನಪುರ ಅದೇ ನಾಲ್ಕು ಬಾರಿ ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡರನ್ನು. ಒಂದೇ ಬಸ್ಸಿನಲ್ಲಿ ಓಡಾಡುವ, ಒಂದೇ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ಜನ. ನಡುವೆ ಇರುವುದು ಕಣ್ಣಿಗೆ ಕಾಣದ ಒಂದು ಗಡಿರೇಖೆ. ಉತ್ತರ ಬೆಂಗಳೂರು ಯಾವ ಪಕ್ಷದ ಕೋಟೆ ಎಂದು ಕೇಳುವವರಿಗೆ ನಾವು ಕೊಡಬಹುದಾದ ಉತ್ತರ ಇದು: ಯಾರ ಕೋಟೆಯೂ ಅಲ್ಲ.

ಕಂದಾಯ ಖಾತೆಯ ದಿನಗಳು

2023ರ ಮೇ 10ರ ಮತದಾನದಲ್ಲಿ ಬ್ಯಾಟರಾಯನಪುರದ ಅಂತರ ಮತ್ತೆ 38 ಸಾವಿರ ದಾಟಿತು. ಬಿ.ಜೆ.ಪಿ.ಯ ತಮ್ಮೇಶ್ ಗೌಡರು ಸೋತರು. ಮೇ 27ರಂದು ಕೃಷ್ಣ ಬೈರೇಗೌಡರು ಸಿದ್ದರಾಮಯ್ಯನವರ ಎರಡನೆಯ ಸರ್ಕಾರದಲ್ಲಿ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿ ಕಂದಾಯ ಖಾತೆ ವಹಿಸಿಕೊಂಡರು.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದಿಂದ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಳು ಕಳೆದರೂ ಹಣ ಬರದಿದ್ದಾಗ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಕೇಳಿದ್ದಕ್ಕೂ ಬಂದದ್ದಕ್ಕೂ ಇದ್ದ ಅಂತರ ದೊಡ್ಡದು. ಯಾರದು ಸರಿ ಎಂಬ ವಾದ ಎರಡೂ ಪಕ್ಷಗಳ ನಡುವೆ ನಡೆಯಿತು. ಹೊಲದಲ್ಲಿ ಬೆಳೆ ಒಣಗಿಸಿಕೊಂಡವನಿಗೆ ಆ ವಾದಕ್ಕಿಂತ ಖಾತೆಗೆ ಬಂದ ಹಣ ಮುಖ್ಯವಾಗಿತ್ತು.

ತಾಲ್ಲೂಕು ಕಚೇರಿಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಏರಿಸುವ 'ಭೂ ಸುರಕ್ಷಾ' ಯೋಜನೆ, ತೀರಿಕೊಂಡವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ವಾರಸುದಾರರಿಗೆ ಮಾಡಿಕೊಡುವ ಪೌತಿ ಖಾತೆಯ ಕೆಲಸ ಈ ಅವಧಿಯಲ್ಲಿ ನಡೆದವು. ತಾತನ ಹೆಸರಿನಲ್ಲಿರುವ ಜಮೀನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಕುಟುಂಬಗಳು ನಮ್ಮಲ್ಲೂ ಇವೆ. ದಾಖಲೆಯಲ್ಲಿ ಹೆಸರು ಇರುವುದು, ಇಲ್ಲದಿರುವುದು ಎಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹೀಗೆ ಲೆಕ್ಕ ಹಾಕಿದರೆ ಎಂಟು ಚುನಾವಣೆಗಳು: ಆರು ಗೆಲುವು, ಎರಡು ಸೋಲು. ಎರಡು ಜಿಲ್ಲೆ, ನಾಲ್ಕು ಕ್ಷೇತ್ರ. ಈ ಎಂಟೂ ಸಲ ಅವರನ್ನು ತೂಗಿದವರು ಸಾಲಿನಲ್ಲಿ ನಿಂತ ಸಾಮಾನ್ಯ ಜನ. ತೂಗಲು ಬಂದವರು ಮಾತ್ರ ತೂಗಿದರು. ಮನೆಯಲ್ಲೇ ಕುಳಿತವರು ತೂಗಲಿಲ್ಲ. 2023ರಲ್ಲಿ ಇಡೀ ರಾಜ್ಯದಲ್ಲಿ ಮತದಾನ ಶೇಕಡಾ 73ನ್ನು ದಾಟಿದರೆ ಬೆಂಗಳೂರಿನಲ್ಲಿ ಅದು 55ರ ಆಸುಪಾಸಿನಲ್ಲೇ ನಿಂತಿತು. ಓದು, ಕೆಲಸ, ಸಂಬಳ, ಎಲ್ಲದರಲ್ಲೂ ಮುಂದಿರುವ ನಗರ ಇದೊಂದರಲ್ಲಿ ಹಿಂದೆ.

ಗೆರೆಗಳು ಮತ್ತೆ ಬದಲಾಗುವ ಮುನ್ನ

ಇದನ್ನೆಲ್ಲ ಈಗ ಏಕೆ ಹೇಳುತ್ತಿದ್ದೇವೆ? ಗೆರೆಗಳು ಮತ್ತೆ ಬದಲಾಗುವ ಕಾಲ ಬಂದಿದೆ. 2001ರಲ್ಲಿ ಅಂಗೀಕಾರವಾದ ಸಂವಿಧಾನದ 84ನೆಯ ತಿದ್ದುಪಡಿ, 2026ರ ನಂತರದ ಮೊದಲ ಜನಗಣತಿಯವರೆಗೆ ಸ್ಥಾನಗಳ ಸಂಖ್ಯೆಯನ್ನು ಕದಲಿಸಬಾರದು ಎಂದು ತಡೆಹಿಡಿಯಿತು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 2027ರ ಜನಗಣತಿಗೆ ಅಧಿಸೂಚನೆ ಹೊರಡಿಸಿತು. 2001ರ ತಲೆಗಳನ್ನು ಎಣಿಸಿ ಎಳೆದ ಗೆರೆಗಳೊಳಗೆ ಇಂದಿನ ಥಣಿಸಂದ್ರ, ಜಕ್ಕೂರು, ಯಲಹಂಕಗಳು ಹಿಡಿಸಲಾರವು ಎಂಬುದನ್ನು ಬಳ್ಳಾರಿ ರಸ್ತೆಯಲ್ಲಿ ಒಂದು ಸಂಜೆ ಸಿಕ್ಕಿಹಾಕಿಕೊಂಡವರು ಬಲ್ಲರು. ವೇಮಗಲ್ಲಿಗೆ ಆದದ್ದು ಇನ್ನೊಂದು ಊರಿಗೆ ಆಗಬಹುದು. ಬ್ಯಾಟರಾಯನಪುರ ಎರಡಾಗಬಹುದು, ಹೆಸರೇ ಬದಲಾಗಬಹುದು. ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಸಲ್ಲಿಸಲು ಸಾರ್ವಜನಿಕರಿಗೆ ಅವಕಾಶವಿರುತ್ತದೆ. ಅಂದು ಓದಿ ನೋಡುವವರು ನಮ್ಮಲ್ಲಿ ಎಷ್ಟು ಜನ ಇರುತ್ತಾರೆ?

ಪಾಲಿಕೆಯ ಕಥೆಯೂ ಇದಕ್ಕೆ ಸೇರಿದ್ದು. ಬಿ.ಬಿ.ಎಂ.ಪಿ. ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷಗಳಿಗೂ ಮಿಕ್ಕಿ ನಗರ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. 2025ರ ಸೆಪ್ಟೆಂಬರ್ 2ರಂದು ಒಂದು ಪಾಲಿಕೆ ಹೋಗಿ, ಬೆಂಗಳೂರು ಉತ್ತರ ಸೇರಿದಂತೆ ಐದು ಪಾಲಿಕೆಗಳಾದವು. ವಾರ್ಡಿನ ಸದಸ್ಯನೇ ಇಲ್ಲದಾಗ ಮೋರಿ ಕಟ್ಟಿದರೂ ಶಾಸಕರೇ, ದೀಪ ಉರಿಯದಿದ್ದರೂ ಶಾಸಕರೇ. ಶಾಸನ ರಚಿಸಬೇಕಾದವರು ಕಸದ ಲಾರಿಯ ಹಿಂದೆ ಓಡುವಂತಾಯಿತು. ಇದು ಒಬ್ಬ ಶಾಸಕರ ಪಾಡಲ್ಲ, ನಗರದ 28 ಮಂದಿಯ ಪಾಡು. ಆಳುವವರು ಚುನಾವಣೆ ಮುಂದೂಡಿದಾಗ ಕೇಳದೆ ಸುಮ್ಮನಿದ್ದವರಲ್ಲಿ ನಾವೂ ಸೇರಿದ್ದೇವೆ.

ಆದ್ದರಿಂದ ಈ ಹಬ್ಬದ ವಾರದಲ್ಲಿ ಪ್ರತಿ ಮನೆಯವರೂ ಒಂದು ಸಣ್ಣ ಕೆಲಸ ಮಾಡಬೇಕೆಂದು ಬೇಡಿಕೊಳ್ಳುತ್ತೇವೆ. ರಾತ್ರಿಯ ಜಪಸರ ಮುಗಿದ ಮೇಲೆ ಮನೆಯ ಎಲ್ಲರ ಮತದಾರರ ಗುರುತಿನ ಚೀಟಿಗಳನ್ನು ಮೇಜಿನ ಮೇಲೆ ಇಡಿ. ಹೆಸರು ಯಾವ ಕ್ಷೇತ್ರದ ಪಟ್ಟಿಯಲ್ಲಿದೆ ನೋಡಿ. ಮನೆ ಬದಲಾಯಿಸಿದವರು ನಮೂನೆ 8, ಹೊಸದಾಗಿ ಸೇರುವವರು ನಮೂನೆ 6 ಸಲ್ಲಿಸಬೇಕು. ತೀರಿಕೊಂಡ ಹಿರಿಯರ ಹೆಸರು ತೆಗೆಸಲು ನಮೂನೆ 7 ಇದೆ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ನಮ್ಮ ತಲೆಮಾರಿನವರಿಗೆ ಸಂಭ್ರಮದ ಸುದ್ದಿಯಾಗಿತ್ತು. ಈಗ 17 ತುಂಬಿದ ಮಕ್ಕಳು ಮುಂಗಡವಾಗಿಯೇ ಅರ್ಜಿ ಹಾಕಬಹುದು. ದೃಢೀಕರಣ ಸಂಸ್ಕಾರ ಪಡೆದ ನಮ್ಮ ಯುವಕ ಯುವತಿಯರಿಗೆ ಇದನ್ನೂ ಹೇಳಿಕೊಡಿ.

ನಾವು 2018ರ ಆ ಮೇ ತಿಂಗಳಿನಲ್ಲೇ ಅರ್ಜಿ ಬರೆದೆವು. ಮತ್ತೆ ವರ್ಗವಾದಾಗ ಪೆಟ್ಟಿಗೆ ಬಿಚ್ಚುವ ಮೊದಲು ಮಾಡಿದ ಕೆಲಸವೂ ಅದೇ. 2023ರಲ್ಲಿ ಸಾಲಿನಲ್ಲಿ ನಿಂತು ಮತ ಹಾಕಿದೆವು. ಅಷ್ಟು ಹೊತ್ತಿಗೆ ಆ ತಾಯಿ ಪ್ರಭುವಿನ ಸನ್ನಿಧಿ ಸೇರಿದ್ದರು. ಅವರ ಪ್ರಶ್ನೆಗೆ ಉತ್ತರ ತಡವಾಗಿ ಕೊಟ್ಟಂತಾಯಿತು.

ಸಂತ ಪೌಲರು ತಮ್ಮ ಹುಟ್ಟಿನ ಹಕ್ಕನ್ನು ಬಳಸಿ ಚಕ್ರವರ್ತಿಯ ಊರಿಗೇ ಹೋಗಿ ಶುಭಸಂದೇಶ ಸಾರಿದರು. ನಮ್ಮನ್ನು ಅಷ್ಟು ದೂರ ಯಾರೂ ಕರೆಯುತ್ತಿಲ್ಲ. ಮುಂದಿನ ಬೀದಿಯ ಶಾಲೆಯವರೆಗೆ, ಐದು ವರ್ಷಕ್ಕೊಮ್ಮೆ ಹೋಗಿ ಬರಲು ಕರೆಯುತ್ತಿದ್ದಾರೆ.

ಸರ್ವರಿಗೂ ಸಂತ ಪೌಲರ ಹಬ್ಬದ ಮತ್ತು ಗಣರಾಜ್ಯೋತ್ಸವದ ಶುಭಾಶಯಗಳು.